ಹಗ್ಗಕ್ಕೆ ಎಣ್ಣೆ ಹಚ್ಚಿದ ಕಾರ್ಯದರ್ಶಿ

ಮಾನ್ಯ ಅಧ್ಯಕ್ಷರೇ, ಚಳ್ಳಕೆರೆಯ ಬಿಸಿಲಿನಲ್ಲೂ ಕೋಟು ತೊಟ್ಟು ಬಂದಿರುವ ಮುಖ್ಯ ಅತಿಥಿಗಳೇ, ಶಿಫ್ಟು ಮುಗಿಸಿ ಹಿಂಡಿಯ ವಾಸನೆಯ ಸಮೇತ ಬಂದು ಕೂತಿರುವ ನನ್ನ ಸಭಿಕ ಬಂಧುಗಳೇ,

ಹಾರ ಹಾಕಿದಿರಿ, ಶಾಲು ಹೊದಿಸಿದಿರಿ. ಮೂವತ್ತು ವರ್ಷ ಬಾಯ್ಲರ್ ಮುಂದೆ ಬೆಂದವನಿಗೆ ಶಾಲು ಹೊದಿಸುವ ಧೈರ್ಯ ನಿಮಗೇ ಬರಬೇಕು. ಈಗ ತಾನೇ ನಿರೂಪಕಿ ಗಂಗಾಂಬಿಕಾ ಮೇಡಂ, ಈ ತಿಪ್ಪೇರುದ್ರ ನಮ್ಮ ಎಣ್ಣೆ ಮಿಲ್ಲಿನ ಕ್ರೀಡಾ ಮತ್ತು ಮನರಂಜನಾ ಸಂಘಕ್ಕೆ ಹದಿನಾಲ್ಕು ವರ್ಷ ನಿಸ್ವಾರ್ಥ ಸೇವೆ ಸಲ್ಲಿಸಿದ್ದಾನೆ ಎಂದರು. ನಾಳೆ ನಿವೃತ್ತನಾಗುವವನು ಇವತ್ತಾದರೂ ನಿಜ ಹೇಳಬೇಕಲ್ಲವೇ? ಆ ಮಾತು ಸುಳ್ಳು.

ಮೊದಲು ಒಂದು ವಿಷಯ. ಇವತ್ತು ಹೊಸ ಕಾರ್ಯದರ್ಶಿ ಸಿಗದಿದ್ದರೆ ನಾಳೆಯಿಂದ ಸಂಘದ ಕೋಣೆ ಚೀಲದ ಗೋದಾಮು. ತಿಂಗಳಿಂದ ನೋಟಿಸು ಬೋರ್ಡಿನಲ್ಲಿ ಹಾಳೆ ಅಂಟಿಸಿದ್ದೇನೆ. ಒಂದು ಹೆಸರೂ ಬಂದಿಲ್ಲ.

ಯಾಕೆ ಬಂದಾವು? ಈ ಕೆಲಸದಲ್ಲಿ ಸಿಗುವುದೇನು? ಕೇರಂ ಪೌಡರ್ ಮುಗಿದರೆ ಬೈಗುಳ. ವಾಲಿಬಾಲ್ ಜಾಲಿ ಮುಳ್ಳಿಗೆ ಸಿಕ್ಕಿದರೆ ಬೈಗುಳ. ಉಪ್ಪಿಟ್ಟು ಸಾಲದಿದ್ದರೆ ಬೈಗುಳ, ಮಿಕ್ಕಿದರೂ ಬೈಗುಳ.

ನನ್ನ ಮೊದಲ ವರ್ಷದ ಹಗ್ಗಜಗ್ಗಾಟವನ್ನು ಹಳಬರು ಇನ್ನೂ ಮರೆತಿಲ್ಲ. ಹಗ್ಗ ಒಣಗಿ ಒರಟಾಗಿತ್ತು. ನಮ್ಮ ಮಿಲ್ಲಿನಲ್ಲಿ ಏನೇ ಕಿರುಗುಟ್ಟಲಿ, ಏನೇ ಬಿಗಿಯಲಿ, ನಮಗೆ ಗೊತ್ತಿರುವುದು ಒಂದೇ ಮದ್ದು. ಎರಡು ಲೀಟರ್ ಶೇಂಗಾ ಎಣ್ಣೆ ಸುರಿದು ಹಗ್ಗವನ್ನು ಚೆನ್ನಾಗಿ ತಿಕ್ಕಿಟ್ಟೆ. ಮರುದಿನ ಸೀಟಿ ಊದಿದೆ. ಒಂದು ಕಡೆ ಹಮಾಲರು, ಇನ್ನೊಂದು ಕಡೆ ಗಾಣದವರು. ಎಳೆದಿದ್ದಷ್ಟೇ, ಹಗ್ಗ ನಡುವೆ ಉಳಿಯಿತು, ಹದಿನಾರು ಜನ ಅಂಗಾತ ಬಿದ್ದರು. ನನ್ನಿವಾಳ ಹಳ್ಳಿಯ ಹಮಾಲ ದೊಡ್ಡಪಾಲಯ್ಯ ಬಿದ್ದಲ್ಲಿಂದಲೇ ಹೇಳಿದ: "ಲೇ ತಿಪ್ಪೇರುದ್ರ, ಒಗ್ಗರಣೆ ಒಂದು ಬಾಕಿ ಐತೆ ನೋಡಲೇ, ಅದ್ನೂ ಹಾಕ್ಬಿಡು."

ಆಗ ಬೀಜ ಆರಿಸುವ ವಿಭಾಗದ ನಿಂಗಕ್ಕ ಬಾಯ್ಲರ್ ಬೂದಿಯನ್ನು ಪುಟ್ಟಿ ತುಂಬ ತಂದರು. ಹೆಂಗಸರು ಅಂಗೈಗೆ ಬೂದಿ ತಿಕ್ಕಿಕೊಂಡು ಹಗ್ಗ ಹಿಡಿದರು, ಎಣ್ಣೆ ಕೈಯ ಹಮಾಲರನ್ನು ಗೆರೆ ದಾಟಿಸಿದರು. ಅಲ್ಲಿಯವರೆಗೆ ಅವರಿಗೆ ನಾವು ಕೊಟ್ಟಿದ್ದು ನಿಂಬೆಹಣ್ಣು-ಚಮಚದ ಓಟ ಮಾತ್ರ.

ಆವತ್ತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನಕ್ಕ ಮೇಲೆ ಹೆದರಿದೆ. ನನ್ನ ಹೆಂಡತಿ ರೇಣುಕಮ್ಮ ತೀರಿಕೊಂಡು ಆಗಿನ್ನೂ ಏಳು ತಿಂಗಳು. ನಕ್ಕಿದ್ದು ಅವಳಿಗೆ ಮಾಡಿದ ಮೋಸ ಅನ್ನಿಸಿತು.

ಇದನ್ನು ಹೇಳಲು ಬಂದಿರಲಿಲ್ಲ. ಬಾಯಿಗೆ ಬಂತು, ಮುಗಿಸಿಬಿಡುತ್ತೇನೆ. ಅವಳು ಹೋದ ಮೇಲೆ ಸಂಜೆ ನನಗೆ ಮನೆಗೆ ಹೋಗಲಾಗುತ್ತಿರಲಿಲ್ಲ. ಅಲ್ಲಿಯವರೆಗೆ ನಾನು ನಮ್ಮ ಮನೆಯ ಬೀಗ ತೆಗೆದವನೇ ಅಲ್ಲ. ಯಾವಾಗ ಹೋದರೂ ಬಾಗಿಲು ತೆರೆದಿರುತ್ತಿತ್ತು. ಹಾಗಾಗಿ ಮಿಲ್ಲಿನ ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂರುತ್ತಿದ್ದೆ. ಎಲ್ಲರೂ ಸಮಾಧಾನ ಹೇಳಿದರು. ನಿಂಗಕ್ಕ ಮಾತ್ರ ಹೇಳಲಿಲ್ಲ. ಆಗ ಕಾರ್ಯದರ್ಶಿ ಇಲ್ಲದೆ ತಮ್ಮ ಬಳಿಯೇ ಉಳಿದಿದ್ದ ಸಂಘದ ಬೀಗದ ಕೈಯನ್ನು ನನ್ನ ಮಡಿಲಿಗೆ ಹಾಕಿ, "ಸುಮ್ನೆ ಕುಂತ್ಕಂಡು ಏನ್ ಮಾಡ್ತೀಯಪ್ಪ, ಬಾಗ್ಲಾದ್ರೂ ತೆಗಿ. ಕೇರಂ ಆಡೋರು ಕಾಯ್ತಾ ಅವ್ರೆ" ಅಂದರು.

ತೆಗೆದೆ. ಮರುದಿನವೂ ತೆಗೆದೆ. ಹಾಗೇ ಕಾರ್ಯದರ್ಶಿಯಾದೆ. ಅಲ್ಲಿ ನಾಲ್ಕು ಜನರ ಜಗಳ ಬಿಡಿಸಿ ದಣಿದ ಮೇಲೆ ನಮ್ಮ ಮನೆಯ ಬೀಗವನ್ನೂ ತೆಗೆಯಲು ಬಂತು. ನಾನು ಸಂಘ ನಡೆಸಿದೆ ಅನ್ನುತ್ತೀರಿ. ಅದು ನನ್ನನ್ನು ಉಳಿಸಿತು. ಇದನ್ನು ನಿಸ್ವಾರ್ಥ ಎಂದು ಹೇಗೆ ಒಪ್ಪಲಿ?

ದೊಡ್ಡಪಾಲಯ್ಯ, ತಲೆ ತಗ್ಗಿಸಬೇಡ. ಸಭೆಯಲ್ಲಿ ಹೆಸರು ಹಿಡಿದಿದ್ದು ತಪ್ಪು, ಆಮೇಲೆ ಬೈಯುವೆಯಂತೆ. ನಿನ್ನ ಹೆಂಡತಿ ಚಿಕ್ಕಕ್ಕ ಹೋಗಿ ಎರಡು ತಿಂಗಳಾಯಿತು. ಶಿಫ್ಟು ಮುಗಿದರೂ ನೀನು ಆ ಕಲ್ಲಿನ ಮೇಲೆ ಕೂತಿರುವುದನ್ನು ದಿನಾ ನೋಡುತ್ತೇನೆ. ಆ ಕಲ್ಲು ನನಗೆ ಗೊತ್ತು. ಸಮಾಧಾನ ಹೇಳಲು ನನಗೆ ಬರುವುದಿಲ್ಲ. ಸುಮ್ನೆ ಕುಂತ್ಕಂಡು ಏನ್ ಮಾಡ್ತೀಯಲೇ, ಬಾಗ್ಲಾದ್ರೂ ತೆಗಿ.

ಅಧ್ಯಕ್ಷರೇ, ಒಂದು ನಿಮಿಷ ಕೊಡಿ. ಅವನು ಏಳುತ್ತಿದ್ದಾನೆ.

ಬಾ. ನಿಧಾನವಾಗಿ ಬಾ, ಯಾರಿಗೂ ಅವಸರವಿಲ್ಲ. ತಗೋ, ಸಂಘದ ಬೀಗದ ಕೈ. ಗಟ್ಟಿಯಾಗಿ ಹಿಡಿ, ಇದಕ್ಕೆ ಎಣ್ಣೆ ಹಚ್ಚಿಲ್ಲ.

ಹದಿನಾಲ್ಕು ವರ್ಷ ಬೈದು ಬದುಕಿಸಿದ ನಿಮಗೆಲ್ಲ ನಾನು ಋಣಿ. ನಮಸ್ಕಾರ.