ಕುಡುಕನಿಗೆ ಹಾಕಿದ ಕೆಮ್ಮು

ಬಸ್ಸಿನ ಸಾಲಿನಲ್ಲಿ ನನ್ನ ಮುಂದೆ ಯಾರೋ ಅಕ್ಕ, ತಮ್ಮ ನಿಂತಿದ್ದರು. ತಮ್ಮ ಸಿನಿಮಾಗಳಿಗೆ ಶಬ್ದ ಜೋಡಿಸುವವನು ಎಂಬುದು ಅವರ ಜಗಳದಿಂದಲೇ ತಿಳಿಯಿತು.

“ನಿನ್ನ ಸಿನಿಮಾದಲ್ಲಿ ಆ ಕುಡುಕ ಕೆಮ್ಮೋದು ಅಪ್ಪನ ಕೆಮ್ಮು ಅಲ್ವೇನೋ?”

“ಹೂಂ.”

“ಅಪ್ಪನ ಹಾಸಿಗೆ ಪಕ್ಕ ಮೈಕ್ ಇಟ್ಟಾಗ ಡಾಕ್ಟರಿಗೆ ಕೇಳಿಸ್ಬೇಕು ಅಂದಿದ್ದೆ ನೀನು.”

“ಅವರಿಗೂ ಕೇಳಿಸ್ದೆ ಅಕ್ಕ. ಆಮೇಲೆ ಇಟ್ಕೊಂಡೆ. ಸ್ಟುಡಿಯೋದಲ್ಲಿ ಎಷ್ಟು ಕೆಮ್ಮಿಸಿದ್ರೂ ಅದು ನಾಟಕದ ಕೆಮ್ಮೇ.”

“ಸತ್ತೋರ ಕೆಮ್ಮಿಗೆ ಜನ ಬಿದ್ದು ಬಿದ್ದು ನಕ್ರು ಕಣೋ.”

“ನಾನು ಹಾಕಿದ್ದು ಮುದುಕ ಸಾಯೋ ಸೀನಿಗೆ. ಅಲ್ಲಿದ್ದಿದ್ರೆ ಇದೇ ಜನ ಅಳ್ತಿದ್ರು. ಡೈರೆಕ್ಟರು ಅದನ್ನ ಎತ್ತಿ, ಕುಡುಕ ಮೆಟ್ಟಿಲಿಂದ ಉರುಳೋ ಕಡೆ ಇಟ್ಟ. ಹಿಂದೆ ಒಂದು ಪೀಪಿ ಸೇರಿಸಿದ. ಅಷ್ಟೇ, ತಮಾಷೆ ಆಯ್ತು.”

“ಬೇಡ ಅನ್ನೋಕೆ ನಿನಗೆ ಬಾಯಿರಲಿಲ್ವಾ?”

“ಯಾರ ಕೆಮ್ಮು ಅಂತ ಹೇಳ್ಬೇಕಾಗ್ತಿತ್ತು.”

“ಹೇಳೋಕೆ ನಾಚಿಕೆ. ಮಾಡೋಕಿಲ್ಲ.”



“ಅಮ್ಮನ್ನ ಮಾತ್ರ ಆ ಸಿನಿಮಾಗೆ ಕರ್ಕೊಂಡು ಹೋಗ್ಬೇಡ ಅಕ್ಕ.”

“ಪರದೆ ಮೇಲೆ ಮಗನ ಹೆಸರು ಬರುತ್ತೆ ಅಂತ ನಿನ್ನೆ ಅವಳೇ ನನ್ನನ್ನ ಎಳ್ಕೊಂಡು ಹೋದ್ಲು.”

“ಗೊತ್ತಾಯ್ತಾ ಅವಳಿಗೆ?”

“ಕೆಮ್ಮು ಬಂದಾಗ ಸುತ್ತ ಎಲ್ಲರೂ ನಗ್ತಿದ್ರು. ಅವಳು ಕತ್ತಲಲ್ಲೇ ಚೀಲದಿಂದ ನೀರಿನ ಬಾಟ್ಲಿ ತೆಗೆದು, ಮುಚ್ಚಳ ಬಿಚ್ಚಿ, ಪರದೆ ಕಡೆ ಚಾಚಿದ್ಲು.”

ಬಸ್ಸು ಬಂತು. ಅಕ್ಕ ಹತ್ತಿದಳು. ತಮ್ಮ ಹತ್ತಲಿಲ್ಲ. ಹಿಂದಿದ್ದ ನಾವೆಲ್ಲ ಅವನನ್ನು ದಾಟಿಕೊಂಡು ಹತ್ತಬೇಕಾಯಿತು.