ಬಾಯಿ ಮಾಡದೆ ಬಿಟ್ಟ ಪ್ರಾಣಿ

ದೀಪ ಸಣ್ಣದು ಮಾಡಿ, ಹತ್ತಿರ ಬನ್ನಿ. ಗಂಟಲು ಹರಿದುಕೊಂಡು ಹೇಳೋ ಕತೆ ಅಲ್ಲ ಇದು. ನನ್ನ ಚಿಕ್ಕಮ್ಮನ ಮಗನಿಗೇ ಆಗಿದ್ದು.

ಆ ರಾತ್ರಿ ಅವನು ಆಫೀಸಿಂದ ಬಾವಿ ದಾರಿ ಹಿಡಿದು ಬರ್ತಿದ್ದ. ಕಾಲು ಎಳೆದುಕೊಂಡು. ಅಷ್ಟು ಸುಸ್ತು.

ಅವನ ಕೆಲಸ ಏನು ಗೊತ್ತಾ? ಕಂಪ್ಯೂಟರಲ್ಲಿ ಪ್ರಾಣಿ ಕೆತ್ತೋದು. ಉಳಿ ಇಲ್ಲ, ಮಣ್ಣಿಲ್ಲ. ಪರದೆ ಮೇಲೆ ಪೆನ್ನು ಒತ್ತಿದರೆ ಹಳ್ಳ, ಎಳೆದರೆ ಉಬ್ಬು. ಬಿಸ್ಕತ್ತಿನ ಜಾಹೀರಾತಿಗೆ ಮೊಲ, ಟೂತ್‌ಪೇಸ್ಟಿಗೆ ಕರಡಿ. ಎಲ್ಲವೂ ಹಲ್ಲು ಕಿರೀತಿರಬೇಕು. "ಇನ್ನೂ ಸ್ವಲ್ಪ ನಗಿಸಪ್ಪಾ" ಅಂತ ಮೇಲಧಿಕಾರಿ ಬೆನ್ನ ಹಿಂದೆಯೇ ನಿಂತಿರ್ತಿದ್ದ. ಪ್ರಾಣಿಗಳನ್ನ ನಗಿಸಿ ನಗಿಸಿ ಇವನ ಮುಖದ ನಗುವೇ ಬತ್ತಿಹೋಗಿತ್ತು, ಪಾಪ.

ಎಲ್ಲರೂ ಮನೆಗೆ ಹೋದ ಮೇಲೆ ತನಗೋಸ್ಕರ ಅಂತ ಒಂದನ್ನ ಕೆತ್ತುತ್ತಿದ್ದ. ಯಾವ ಕಾಡಲ್ಲೂ ಇಲ್ಲದ್ದು. ನೀರುನಾಯಿ ಮೈ, ಜಿಂಕೆ ಕಿವಿ, ಬೆನ್ನ ತುಂಬ ಗರಿ. ಕಣ್ಣು, ಉಗುರು, ಮೂಗಿನ ಹೊಳ್ಳೆ... ಎಲ್ಲ ಆಗಿತ್ತು. ಬಾಯಿ ಒಂದು ಬಿಟ್ಟು. ಬಾಯಿ ಮಾಡೋಕೆ ಕೂತರೆ ಸಾಕು, ಕೈ ತಾನಾಗೇ ಬಿಸ್ಕತ್ತಿನ ನಗು ಎಳೆದುಬಿಡ್ತಿತ್ತು. ಅಳಿಸ್ತಿದ್ದ. ಮತ್ತೆ ಅದೇ ನಗು. ಎರಡು ವರ್ಷ ಹೀಗೇ.

ಆ ದಿನ ಕೈಚೆಲ್ಲಿದ. "ಸಾಕಾಯ್ತು ಕಣೋ. ನಾಳೆ ನಿನ್ನ ಅಳಿಸಿಬಿಡ್ತೀನಿ" ಅಂತ ಪರದೆಗೇ ಹೇಳಿ, ಅದಿದ್ದ ಪೆನ್ ಡ್ರೈವ್ ಜೇಬಿಗೆ ಹಾಕ್ಕೊಂಡು ಹೊರಟ. ಅವನ ಸ್ವಂತದ್ದು ಅಂತ ಇದ್ದದ್ದು ಅದೊಂದೇ. ಅದನ್ನೂ ಬಿಡುವಷ್ಟು ದಣಿದಿದ್ದ.

ಬಾವಿ ಪಕ್ಕ ಕಲ್ಲಿನ ತೊಟ್ಟಿ ಇದೆ. ಅಲ್ಲಿ...

ಬುಳು... ಬುಳು... ಬುಳು...

ಯಾವುದೋ ದನ ನೀರು ಕುಡೀತಿದೆ ಅಂದುಕೊಂಡ. ಆದರೆ ಗುಟುಕು ಇಳಿಯೋ ಸದ್ದೇ ಇಲ್ಲ. ಮೂತಿ ಅದ್ದೋದು, ಮೂಗಿಂದ ಗುಳ್ಳೆ ಬಿಡೋದು, ಎತ್ತೋದು. ಫ್ರ್‌ರ್... ಮತ್ತೆ ಅದ್ದೋದು. ಆಮೇಲೆ ಒಳಗೊಳಗೇ ಒಂದು ನರಳಾಟ. ಮ್ಮ್‌ಮ್...

ಪಟಪಟ ಅಂತ ಗರಿ ಕೊಡವಿತು.

ಇವನ ಜೀವ ಬಾಯಿಗೆ ಬಂತು. ತಿರುಗಿ ನೋಡಲಿಲ್ಲ. ಬಿರಬಿರನೆ ನಡೆದ. ಹಿಂದೆ ರಸ್ತೆ ಮೇಲೆ ಉಗುರು... ಕರಕ್, ಕರಕ್.

ಹೆಂಡತಿ ಬಾಗಿಲು ತೆಗೆದಳು. ಪಿಸುಗುಟ್ಟಿದಳು.

"ಯಾರ ಜೊತೆ ಬಂದ್ರಿ?"

"ಬಾಗಿಲು ಹಾಕು."

"ಹಿಂದೆ ಯಾರೋ..."

"ಹಾಕು ಅಂದೆ!"

ಬಾಗಿಲಾಚೆ, ಮ್ಮ್‌ಮ್... ಅವಳಿಗೂ ಕೇಳಿಸ್ತು. ಅದಕ್ಕೇ ನಾನು ನಂಬಿದ್ದು. ಅವಳು ಕಾಗೆ ಹಾರಿಸೋ ಪೈಕಿ ಅಲ್ಲ.

"ಅಯ್ಯೋ, ಏನಾಗಿದೆ ರೀ ಅದಕ್ಕೆ?"

"ಬಾಯಾರಿದೆ... ನಾನು ಬಾಯಿ ಮಾಡಿಲ್ಲ."

ಅವಳು ಅವನನ್ನ ಒಳಕ್ಕೆ ದಬ್ಬಿದಳು. "ಮಾಡಿ ಮತ್ತೆ! ನಿಂತಿದ್ದೀರಲ್ಲ!"

ಮನೆಯ ಹಳೇ ಲ್ಯಾಪ್‌ಟಾಪ್ ಗೊರಗೊರ ಅಂತ ಎದ್ದಿತು. ಪೆನ್ ಡ್ರೈವ್ ಚುಚ್ಚಿ ಬಾಯಿ ಮಾಡೋಕೆ ಕೂತ. ಆದರೆ ಆವತ್ತು ನಗು ಬರಲಿಲ್ಲ ನೋಡಿ. ಚೆಂದ ಕಾಣಬೇಕು ಅನ್ನೋದೇ ಮರೆತುಹೋಗಿತ್ತು. ನೀರು ಒಳಗೆ ಹೋದರೆ ಸಾಕು. ತುಟಿ ಸೀಳಿದ, ಗಂಟಲು ತೋಡಿದ, ನಾಲಿಗೆ ಎಳೆದ. ಅಷ್ಟರಲ್ಲಿ ಅವಳು ಬಾಗಿಲು ಒಂಚೂರು ಸರಿಸಿ, ತುಂಬಿದ ಬಕೆಟ್ಟು ಹೊರಗೆ ತಳ್ಳಿ, ಚಿಲಕ ಹಾಕಿದಳು.

ನರಳಾಟ ನಿಂತಿತು.

ಲೊಚಕ್... ಲೊಚಕ್... ಲೊಚಕ್...

ಎಷ್ಟು ಹೊತ್ತು ಕುಡೀತೋ. ಇಬ್ಬರೂ ಬಾಗಿಲಿಗೆ ಬೆನ್ನು ಕೊಟ್ಟು ಕೂತು ಕೇಳಿಸಿಕೊಂಡರು. ಇವನು ಬಿಕ್ಕಿ ಬಿಕ್ಕಿ ಅತ್ತನಂತೆ. ಭಯಕ್ಕಲ್ಲ.

ಅಳಿಸಲಿಲ್ಲ ಅದನ್ನ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಬೆಳಗ್ಗೆ ಅವರ ಮನೆಗೆ ಹೋಗಿ ಕಣ್ಣಾರೆ ಕಂಡವನು ನಾನು. ಬಕೆಟ್ಟಲ್ಲಿ ತೊಟ್ಟು ನೀರಿರಲಿಲ್ಲ. ಸುತ್ತ ನೆಲದ ಮೇಲೂ ಒಂದು ಹನಿ ಚೆಲ್ಲಿರಲಿಲ್ಲ.