ಯಾರಿಗೂ ಹೊಂದದ ಅಳತೆ

ಬಸ್ ನಿಲ್ದಾಣದ ಹಿಂದೆ, ಔಷಧಿ ಅಂಗಡಿಯ ಮಹಡಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡು ಅಲ್ಲೇ ವಾಸವಿರುವ, ನಲವತ್ತೊಂದು ವರ್ಷದ, ಎಲ್ಲರೂ ಟೈಲರಕ್ಕ ಎಂದು ಕರೆಯುವ ನಾನು ಈ ಮೂಲಕ ತಿಳಿಸುವುದೇನೆಂದರೆ:

ನನ್ನ ತಂಗಿ ಗಂಡನ ಹೊಡೆತ ತಾಳಲಾರದೆ ಮೂರು ತಿಂಗಳ ಹಿಂದೆ ಮನೆ ಬಿಟ್ಟು ಬೇರೆ ಬಡಾವಣೆಯಲ್ಲಿ ಕೋಣೆ ಹಿಡಿದಿದ್ದಳು. ಅವಳು ಎಲ್ಲಿದ್ದಾಳೋ, ಹೇಗಿದ್ದಾಳೋ ಎಂಬ ಚಿಂತೆಗೆ ನಾನೇ ಇಬ್ಬರ ಫೋನಿಗೂ ಜಾಗ ತೋರಿಸುವ ಬಿಟ್ಟಿ ಆ್ಯಪ್ ಹಾಕಿದೆ. ಅದು ಕೇಳಿದ್ದಕ್ಕೆಲ್ಲ 'ಸರಿ' ಒತ್ತಿದೆ. ನಮ್ಮ ಗುಂಪಿಗೆಂದು ಆರಂಕಿಯ ಗುಟ್ಟು ಸಂಖ್ಯೆ ಕೊಟ್ಟಿತು. ಮರೆಯಬಾರದೆಂದು ಅದನ್ನು ಅಂಗಡಿಯ ಗೋಡೆ ಮೇಲೆ, ಗಿರಾಕಿಗಳ ಅಳತೆಗಳ ನಡುವೆ, ಎದೆ 19, ಸೊಂಟ 74, ತೋಳು 52 ಎಂದು ಸೀಮೆಸುಣ್ಣದಲ್ಲಿ ಬರೆದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಸೋಮವಾರ ಬೆಳಿಗ್ಗೆ 9 ಗಂಟೆಗೆ ತಂಗಿಯ ಗಂಡ ಅಂಗಡಿಗೆ ಬಂದ. ಮೊದಲು ನನ್ನಲ್ಲೇ ಬಟ್ಟೆ ಕತ್ತರಿಸುತ್ತಿದ್ದವನು. ತನ್ನ ಹಳೇ ಕತ್ತರಿ ಬೇಕೆಂದ. ಕೊಟ್ಟರೆ ತೊಲಗುತ್ತಾನೆ ಎಂದು ಕಪಾಟಿನಲ್ಲಿ ಹುಡುಕಿದೆ. ಅಷ್ಟರಲ್ಲಿ ಮೇಜಿನ ಮೇಲಿದ್ದ ನನ್ನ ಫೋನಿನಲ್ಲಿ, ತಂಗಿ ಕೆಲಸಕ್ಕೆ ತಲುಪಿದಳು ಎಂದು ಆ್ಯಪ್‌ನ ಹೆಸರಿನ ಸಮೇತ ಸೂಚನೆ ಬಂತು. ಅವನು ಫೋನು ನೋಡಿದ, ಗೋಡೆ ನೋಡಿದ. ಅಕ್ಕಾ, ಈ ಪುಣ್ಯಾತ್ಮ ಯಾರು, ಎದೆ ಹತ್ತೊಂಬತ್ತು, ಸೊಂಟ ಎಪ್ಪತ್ನಾಲ್ಕು, ಇವನಿಗೆ ಅಂಗಿಯಲ್ಲ, ಡೇರೆ ಹೊಲೀಬೇಕು ಎಂದು ನಕ್ಕ. ದೇವರಾಣೆ, ನಾನೂ ನಕ್ಕೆ. ಅವನು ಕತ್ತರಿ ಬಿಟ್ಟೇ ಹೋದ.

ನಿನ್ನೆ ಸಂಜೆ 6-40ಕ್ಕೆ ಅವನು ತಂಗಿಯ ಕೋಣೆಯ ಬಾಗಿಲು ಒದ್ದ. ಅಕ್ಕಪಕ್ಕದವರು ಕೂಗಿಕೊಂಡ ಮೇಲೆ ಓಡಿದ. ಹೋಗುವಾಗ, ನಿಮ್ಮಕ್ಕನ ಗೋಡೆಯೇ ದಾರಿ ತೋರಿಸ್ತು ಕಣೇ ಎಂದನಂತೆ. ಆಗಲೇ ನನಗೆ ಗೋಡೆಯ ಆ ಅಳತೆ ನೆನಪಾದದ್ದು. ಆ ದರಿದ್ರ ಆ್ಯಪ್ ಸಂಖ್ಯೆ ಗೊತ್ತಿದ್ದವರನ್ನೆಲ್ಲ ಒಳಗೆ ಬಿಡುತ್ತದೆ, ನಮ್ಮನ್ನು ಒಂದು ಮಾತೂ ಕೇಳುವುದಿಲ್ಲ.

ಇಂದು ಬೆಳಿಗ್ಗೆ ತಂಗಿಯ ಫೋನಿನಿಂದ ಆ್ಯಪ್ ತೆಗೆಸಿದೆ. ಅವಳನ್ನು ಹೊಸ ಜಾಗದಲ್ಲಿ ಬಿಟ್ಟು, ಎರಡು ಕಿಲೋಮೀಟರ್ ನಡೆದು ನೇರ ಇಲ್ಲಿಗೆ ಬಂದೆ.

ಇಷ್ಟು ಬರೆದುಕೊಂಡ ಕಾನ್‌ಸ್ಟೆಬಲ್, ಎಲ್ಲಿದೆಯಮ್ಮಾ ಆ ಆ್ಯಪ್, ತೋರ್ಸಿ ಎಂದರು. ನನ್ನ ಫೋನಿನಲ್ಲಿ ಅದು ಹಾಗೇ ಇದೆ. ತಂಗಿಯನ್ನು ಬಿಟ್ಟ ಬಾಗಿಲಿನಿಂದ ಈ ಬೆಂಚಿನವರೆಗೆ ನಾನು ನಡೆದ ದಾರಿಗೆ ನೀಲಿ ಗೆರೆ ಎಳೆದಿದೆ. ಗುಂಪಿನಲ್ಲಿ 'ಅತಿಥಿ' ಎಂಬ ಇನ್ನೊಂದು ಚುಕ್ಕಿಯಿದೆ. ಅದನ್ನು ಜಾಹೀರಾತು ಎಂದುಕೊಂಡಿದ್ದೆ. ಈಗ ಆ ಚುಕ್ಕಿ ಗೆರೆಯ ಆಚೆ ತುದಿಯ ಕಡೆಗೆ ಹೋಗುತ್ತಿದೆ.

ತಂಗಿ ಫೋನ್ ಎತ್ತುತ್ತಿಲ್ಲ. ಮೊದಲು ಜೀಪು ಕಳಿಸಿ ಎಂದು ಕೈಮುಗಿಯುತ್ತೇನೆ. ಬರೆಸಿದ್ದೆಲ್ಲ ನಿಜ. ಓದಿಸಿ ಕೇಳುತ್ತಾ ಕೂರಲಾರೆ, ಹಾಗೇ ಸಹಿ ಹಾಕಿದ್ದೇನೆ.

ಸ್ಥಳ: ಠಾಣೆ
ದಿನಾಂಕ: ಇಂದು, ಗುರುವಾರ, ಬೆಳಿಗ್ಗೆ 11-25
ಸಹಿ: ಟೈಲರಕ್ಕ